ಕೆಂಚನ ಬಿಡಾರ: ಮಾಳಮಡ್ಡಿಯ ಒಂದು ಬೆಕ್ಕಿನ ಪ್ರಕರಣ

ಕೆಂಚ. ಗಂಡು ಬೆಕ್ಕು, ನಾಟಿ ತಳಿ, ಹೆಸರಿಗೆ ತಕ್ಕ ಬಣ್ಣ. ಹಲ್ಲು ನೋಡಿ ಅಂದಾಜು ಮಾಡಿದ ವಯಸ್ಸು ಎರಡು ವರ್ಷ. ತೂಕ 4.2 ಕೆ.ಜಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ, ಯಾವ ಲಸಿಕೆಯೂ ಬಿದ್ದಿಲ್ಲ. ದೂರು: ಬಾಲದ ಬುಡದಲ್ಲಿ ಬಾವು, ಎರಡು ದಿನದಿಂದ ಊಟ ಬಿಟ್ಟಿದೆ.

ಫೆಬ್ರುವರಿಯ ಒಂದು ಸಂಜೆ ನನ್ನ ಪಶು ಚಿಕಿತ್ಸಾಲಯದ ಪುಸ್ತಕದಲ್ಲಿ ಬರೆದುಕೊಂಡ ಸಾಲುಗಳಿವು. ಆಮೇಲೆ ಒಂದು ವರ್ಷ ಈ ಬೆಕ್ಕು ನನ್ನನ್ನು ಬಿಡಲಿಲ್ಲ. ಸಾಕಿದ ಬೆಕ್ಕನ್ನು ಮನೆಯೊಳಗೇ ಇಡಬೇಕೇ, ಹೊರಗೆ ಬಿಡಬೇಕೇ ಎಂದು ವಾರಕ್ಕೆ ಇಬ್ಬರು ಮೂವರಾದರೂ ಕೇಳುತ್ತಾರೆ. ಕೆಂಚನಿಗಿಂತ ಮುಂಚೆ ನನ್ನ ಬಳಿ ಅದಕ್ಕೆ ಒಂದೇ ಸಾಲಿನ ಉತ್ತರವಿತ್ತು. ಆ ಉತ್ತರ ಈ ಮನೆಯಲ್ಲಿ ಹೇಗೆ ಕೈಕೊಟ್ಟಿತು ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಮನೆ

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳನ್ನು ನೋಡಿದವರಿಗೆ ಇದರ ನಕ್ಷೆ ಹೇಳಬೇಕಿಲ್ಲ. ಮುಂದೆ ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಅದರಾಚೆ ಬಾವಿಯಿರುವ ಹಿತ್ತಲು. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಅಟ್ಟ. ಅಟ್ಟದಲ್ಲಿ ಜೋಳದ ಚೀಲ, ಜೋಳಕ್ಕೆ ಇಲಿ, ಇಲಿಗೆಂದು ಬೆಕ್ಕು. ಕೆಂಚ ಈ ಮನೆಗೆ ಬಂದದ್ದು ಮುದ್ದಿಗಲ್ಲ, ನೌಕರಿಗೆ. ಒಂದು ಹೆಂಚು ಸರಿದು ಬಿದ್ದ ಕಿಂಡಿಯೇ ಅವನ ಹೆಬ್ಬಾಗಿಲು. ಅಲ್ಲಿಂದ ಹೊರಬಿದ್ದರೆ ಸೂರಿಗೆ ಸೂರು ತಾಗಿದ ನಾಲ್ಕು ಮನೆಗಳ ಮಾಡು ದಾಟಿ, ಓಣಿಯ ಆ ತುದಿಯ ಕಿರಾಣಿ ಅಂಗಡಿಯ ಗೋದಾಮಿನವರೆಗೆ ನೆಲ ಮುಟ್ಟದೆ ಹೋಗಬಹುದು.

ಮನೆಯ ಹಿರಿಯರಿಗೆ ಎಪ್ಪತ್ತೆರಡು. ಎಲ್ಲರೂ ಆಯಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮಗ ಹುಬ್ಬಳ್ಳಿಯ ಕಚೇರಿಗೆ ದಿನವೂ ಚಿಗರಿ ಬಸ್ಸಿನಲ್ಲಿ ಹೋಗಿಬರುವವರು. ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಮಗಳನ್ನು ಗದಗಿಗೆ ಕೊಟ್ಟಿದೆ. ಮನೆ ಶುದ್ಧ ಸಸ್ಯಾಹಾರಿ. ಈ ಕೊನೆಯ ಸಂಗತಿಯನ್ನು ನಾನು ಮೊದಲ ದಿನ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಮೊದಲ ಭೇಟಿ

ಕಚ್ಚಿದ ಗಾಯ ಎಲ್ಲಿದೆ ಎಂಬುದರಲ್ಲೇ ಜಗಳದ ಅರ್ಧ ಕಥೆ ಇರುತ್ತದೆ. ಮುಖದ ಮೇಲೋ ಮುಂಗಾಲಿನ ಮೇಲೋ ಇದ್ದರೆ ಬೆಕ್ಕು ಎದುರು ನಿಂತು ಕಾದಾಡಿದೆ. ಬಾಲದ ಬುಡದಲ್ಲಿದ್ದರೆ ಬೆನ್ನು ತೋರಿಸಿ ಓಡಿದೆ. ಕೆಂಚ ಓಡಿದ್ದ. ಬೆಕ್ಕಿನ ಕೋರೆಹಲ್ಲು ಸೂಜಿಯಷ್ಟು ಸಪೂರ. ಅದು ಮಾಡಿದ ತೂತು ಒಂದೇ ದಿನದಲ್ಲಿ ಮೇಲಿನಿಂದ ಮುಚ್ಚಿಕೊಂಡು, ಒಳಗೆ ಮೂರು ನಾಲ್ಕು ದಿನದಲ್ಲಿ ಕೀವು ತುಂಬುತ್ತದೆ. ಕೂದಲು ಬೋಳಿಸಿ, ಬಾವು ಒಡೆದು, ತೊಳೆದು, ಪ್ರತಿಜೀವಕ ಕೊಟ್ಟೆ. ಪಕ್ಕದ ಮನೆಯವರು ಜ್ವರದ ಗುಳಿಗೆ ಅರ್ಧ ಕೊಡಿ ಎಂದಿದ್ದರಂತೆ, ಆಯಿ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಈ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು: ಪ್ಯಾರಾಸಿಟಮಾಲ್ ಅನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಗುಳಿಗೆ ಜೀವ ತೆಗೆದೀತು.

ಮೊಮ್ಮಗನ ಮುಂಗೈ ಮೇಲೆ ಉದ್ದನೆಯ ಗೀರು ಕಂಡಿತು. ಬೆಕ್ಕನ್ನು ಚೀಲಕ್ಕೆ ಹಾಕುವಾಗ ಪರಚಿದ್ದು. ಲಸಿಕೆಯಿಲ್ಲದ, ಯಾವುದರಿಂದಲೋ ಕಚ್ಚಿಸಿಕೊಂಡು ಬಂದ ಬೆಕ್ಕು. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿಸಿ, ಅಲ್ಲಿಂದಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕಿದರು. ನಾಯಿಯಲ್ಲವಲ್ಲ, ಬೆಕ್ಕಷ್ಟೇ ಎಂದು ಮಗ ಅನುಮಾನಿಸಿದರು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಮಾರ್ಚಿಯಲ್ಲಿ ಗಾಯ ಒಣಗಿದ ಮೇಲೆ ಕೆಂಚನಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆಗಳನ್ನೂ ಹಾಕಿದೆ. ಬೀಜ ತೆಗೆದ ಗಂಡು ಬೆಕ್ಕು ಹೆಣ್ಣು ಹುಡುಕಿಕೊಂಡು ಊರು ಸುತ್ತುವುದು, ಜಗಳಕ್ಕೆ ಬೀಳುವುದು, ಗೋಡೆಗೆ ಮೂತ್ರ ಚಿಮ್ಮಿಸುವುದು ಬಹುಮಟ್ಟಿಗೆ ತಗ್ಗುತ್ತದೆ. ಕಳಿಸುವಾಗ ನನ್ನ ಒಂದು ಸಾಲಿನ ಉತ್ತರವನ್ನು ಹೇಳಿದೆ: ‘ಇನ್ನು ಹೊರಗೆ ಬಿಡಬೇಡಿ.’

ಆಯಿ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದರು: ‘ತಮ್ಮಾ, ಹೆಂಚಿನ ಮನೆಗೆ ಬಾಗಿಲು ಯಾವುದು?’

ಒಳ್ಳೆಯ ಪ್ರಶ್ನೆ. ನಕ್ಕು ಸುಮ್ಮನಾದೆ.

ವಾದ

ಎರಡು ತಿಂಗಳು ಕೆಂಚ ಮೊದಲಿನಂತೆಯೇ ಬಂದುಹೋಗಿ ಮಾಡಿಕೊಂಡಿದ್ದ. ಮನೆಯಲ್ಲಿ ಮಾತ್ರ ವಾದ ನಡೆದಿತ್ತು. ಮಗ ಮೊಬೈಲಿನಲ್ಲಿ ಓದಿದ್ದನ್ನು ನನಗೂ ತೋರಿಸಿದರು: ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದ ಬೆಕ್ಕುಗಳನ್ನು ಮಾಲೀಕರ ಜಾಗದೊಳಗೇ ಇಟ್ಟುಕೊಳ್ಳಬೇಕೆಂಬ ಕಾನೂನಿದೆ. ಅಲ್ಲಿನ ಭಯ ಮುಖ್ಯವಾಗಿ ಅಲ್ಲಿನ ಕಾಡುಜೀವಿಗಳ ಬಗ್ಗೆ; ಬೆಕ್ಕೇ ಇಲ್ಲದ ಖಂಡಕ್ಕೆ ಯುರೋಪಿನವರು ಬೆಕ್ಕು ತಂದು ಬಿಟ್ಟದ್ದರ ಫಲ. ಬ್ರಿಟನ್ನಿನಲ್ಲಿ ಇದಕ್ಕೆ ತದ್ವಿರುದ್ಧ, ಬೆಕ್ಕು ಹೊರಗೆ ತಿರುಗುವುದು ಸಹಜ ಎಂದೇ ಹೆಚ್ಚಿನವರ ನಂಬಿಕೆ. ಎರಡೂ ಕಡೆ ಹೆಂಚಿನ ಕಿಂಡಿಯ ಮಾತು ಬರುವುದಿಲ್ಲ.

ಆಯಿಯ ವಾದ ಬೇರೆ. ಕೆಂಚ ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತಾನೆ ಎನ್ನುತ್ತಿದ್ದರು. ಅದು ಅಷ್ಟೇನೂ ತಪ್ಪಲ್ಲ. 2020ರಲ್ಲಿ ಪ್ರಕಟವಾದ, ಆರು ದೇಶಗಳ 925 ಸಾಕು ಬೆಕ್ಕುಗಳ ಕೊರಳಿಗೆ ಜಿಪಿಎಸ್ ಕಟ್ಟಿ ನೋಡಿದ ಅಧ್ಯಯನದಲ್ಲಿ ಹೆಚ್ಚಿನವು ಮನೆಯಿಂದ ನೂರು ಮೀಟರಿನೊಳಗೇ ಸುತ್ತಾಡಿದ್ದವು. ಆದರೆ ಆ ನೂರು ಮೀಟರಿನಲ್ಲಿ ಏನಿದೆ ಎಂಬುದು ಮುಖ್ಯ. ಕೆಂಚನ ನೂರು ಮೀಟರಿನಲ್ಲಿ ಆ ಗೋದಾಮು ಇತ್ತು. ಅಲ್ಲಿ ಕಾಳಿನ ಮೂಟೆಗಳ ನಡುವೆ ನೀಲಿ ಬಣ್ಣದ ಇಲಿ ಪಾಷಾಣದ ಬಿಲ್ಲೆ ಇಡುತ್ತಾರೆ. ಬ್ರೋಮಡಿಯೋಲೋನ್ ಎಂಬ ಈ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ತೂರಾಡುತ್ತದೆ. ಅಂಥ ಇಲಿಯನ್ನು ಹಿಡಿಯಲು ಬೆಕ್ಕಿಗೆ ಶ್ರಮವೇ ಬೇಡ. ಹಾಗೆ ವಿಷವೇರಿದ ಬೆಕ್ಕನ್ನು ಬೇಗ ತಂದರೆ ವಿಟಮಿನ್ ಕೆ1 ಅನ್ನು ವಾರಗಟ್ಟಲೆ ಕೊಟ್ಟು ಉಳಿಸಬಹುದು. ಹಿಟ್ಟಿನಲ್ಲಿ ಕಲಸಿಡುವ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಅದಕ್ಕೆ ಪ್ರತಿವಿಷವೇ ಇಲ್ಲ.

ಏಪ್ರಿಲ್‌ನಲ್ಲಿ ಕೆಂಚ ದಾಸವಾಳದ ಗಿಡದ ಗೂಡಿನಿಂದ ಪಿಕಳಾರದ ಮರಿಯನ್ನು ತಂದು ಆಯಿಯ ಪೂಜೆಯ ಮಣೆಯ ಮೇಲೆ ಇಟ್ಟ. ಅಂದು ಆಯಿ ಊಟ ಮಾಡಲಿಲ್ಲ. ಕೊರಳಿಗೆ ಗಂಟೆ ಕಟ್ಟಿದರೆ ಹೇಗೆ ಎಂದು ಮೊಮ್ಮಗ ಕೇಳಿದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಅವನೇ ಉತ್ತರವಾಗಲು ತಯಾರಿದ್ದ! ಗಂಟೆಯನ್ನು ಕಟ್ಟಿದ್ದೂ ಆಯಿತು, ಮೂರನೆಯ ದಿನ ಅದು ಹಿತ್ತಲಿನ ಬೇಲಿಯಲ್ಲಿ ಸಿಕ್ಕಿದ್ದೂ ಆಯಿತು.

ಕುಬಸದ ನಂತರ

ಮೇ ಕೊನೆಯಲ್ಲಿ ಗದಗಿನಲ್ಲಿ ಏಳು ತಿಂಗಳ ಕುಬಸ ಮುಗಿಸಿಕೊಂಡು ಮಗಳು ತವರಿಗೆ ಬಂದರು. ಅವರ ಜೊತೆ ಬಂದ ಹಿರಿಯ ಬಂಧುವೊಬ್ಬರು ಬೆಕ್ಕನ್ನು ನೋಡಿದವರೇ ಕಿರುಚಿದರಂತೆ: ಬಸುರಿ ಇರುವ ಮನೆಯಲ್ಲಿ ಬೆಕ್ಕೇ, ಮಗುವಿಗೆ ಕೇಡು, ಗೋಣಿಚೀಲದಲ್ಲಿ ಕಟ್ಟಿ ಕೆಲಗೇರಿ ಆಚೆ ಬಿಟ್ಟು ಬನ್ನಿ. ಆಯಿ ಒಪ್ಪಲಿಲ್ಲ. ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು, ಈಗಿನ ದರದಲ್ಲಿ ಅದು ಯಾರಿಂದಾದೀತು ಎಂದರಂತೆ. ಮರುದಿನ ಮಗ ನನಗೆ ಫೋನ್ ಮಾಡಿದರು.

ಆ ಬಂಧುವಿನ ಭಯಕ್ಕೆ ಬುಡವಿಲ್ಲ ಎನ್ನಲಾರೆ. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಗರ್ಭಿಣಿಗೆ ಮೊದಲ ಬಾರಿ ತಗುಲಿದರೆ ಮಗುವಿಗೆ ಅಪಾಯವಾಗಬಹುದು. ಆದರೆ ಅದು ಬೆಕ್ಕಿನ ಮೈಯಿಂದ, ಉಸಿರಿನಿಂದ ಬರುವುದಲ್ಲ. ಸೋಂಕಿರುವ ಇಲಿ ಹಕ್ಕಿಗಳನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕು, ಮೊದಲ ಸಲ ಸೋಂಕು ತಗುಲಿದಾಗ ಒಂದೆರಡು ವಾರ ಮಾತ್ರ ಮಲದಲ್ಲಿ ಅದರ ತತ್ತಿಗಳನ್ನು ಬಿಡುತ್ತದೆ. ಆ ತತ್ತಿಗಳೂ ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮಲವನ್ನು ದಿನವೂ ತೆಗೆದರೆ, ಅದನ್ನು ಗರ್ಭಿಣಿ ಮಾಡದಿದ್ದರೆ, ದೊಡ್ಡ ಅಪಾಯ ತಪ್ಪಿತು. ಹಿತ್ತಲಿನ ಮೆಂತ್ಯ, ಕೊತ್ತಂಬರಿ ಮಡಿಯ ಮಣ್ಣಿನಲ್ಲಿ ಊರ ಬೆಕ್ಕುಗಳು ಹೇತು ಮುಚ್ಚಿದ್ದು ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ. ಸೊಪ್ಪು ಚೆನ್ನಾಗಿ ತೊಳೆಯಿರಿ, ಮಗಳು ಮಣ್ಣು ಮುಟ್ಟದಿರಲಿ, ರಕ್ತಪರೀಕ್ಷೆ ಬೇಕೇ ಎಂದು ಹೆರಿಗೆ ವೈದ್ಯರನ್ನೇ ಕೇಳಿ ಎಂದೆ. ಜೊತೆಗೆ ಹಳೆಯ ಸಾಲು: ಬೆಕ್ಕನ್ನು ಪೂರ್ತಿ ಒಳಗಿಡಿ.

ಈ ಸಲ ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಹೆಂಚು ಕೂರಿಸಿದರು, ಬೆಳಕಿಂಡಿಗೆ ಜಾಳಿಗೆ ಬಡಿದರು, ಅಟ್ಟದ ಏಣಿ ತೆಗೆದರು. ಕೆಂಚನಿಗೆ ಪಡಸಾಲೆಯ ಪಕ್ಕದ ಚಿಕ್ಕ ಕೋಣೆ. ಅದರೊಳಗೊಂದು ಮರಳು ತುಂಬಿದ ಬುಟ್ಟಿ, ಒಂದು ನೀರಿನ ಬಟ್ಟಲು.

ಜುಲೈ

ಜಿಟಿಜಿಟಿ ಮಳೆಯ ಒಂದು ರಾತ್ರಿ ಒಂಬತ್ತಕ್ಕೆ ಕೆಂಚ ಮತ್ತೆ ನನ್ನ ಮೇಜಿನ ಮೇಲಿದ್ದ. ಎರಡು ದಿನದಿಂದ ಬುಟ್ಟಿಗೂ ಕೋಣೆಯ ಮೂಲೆಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಾನೆ, ಕುಕ್ಕರಿಸಿ ತಿಣುಕುತ್ತಾನೆ, ಏನೂ ಬರುವುದಿಲ್ಲ ಎಂದರು. ಮಲಬದ್ಧತೆ ಎಂದುಕೊಂಡು ಔಡಲೆಣ್ಣೆ ಕೊಟ್ಟಿದ್ದರು.

ಹೊಟ್ಟೆಗೆ ಕೈ ಹಾಕಿದೆ. ಖಾಲಿ ಇರುವಾಗ ಬೆರಳಿಗೆ ಸಿಗದ ಮೂತ್ರಕೋಶ ದೊಡ್ಡ ನಿಂಬೆಹಣ್ಣಿನಷ್ಟಾಗಿ ಕಲ್ಲಿನಂತೆ ಬಿಗಿದಿತ್ತು. ಮೂತ್ರನಾಳ ಕಟ್ಟಿಕೊಂಡಿದೆ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಪೂರ, ಚಿಟಿಕೆ ಹರಳು, ಒಂದಿಷ್ಟು ಲೋಳೆ ಸೇರಿದರೆ ಬಿರಡೆ ಹಾಕಿದಂತೆ. ಹೊರಹೋಗದ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ, ಏರಿ ಹೃದಯದ ಬಡಿತವನ್ನು ಇಳಿಸುತ್ತದೆ. ಮೇಜಿನ ಮೇಲೆ ಹೆದರಿ ಕುಳಿತ ಬೆಕ್ಕಿನ ಎದೆ ನಿಮಿಷಕ್ಕೆ 180, 200 ಬಡಿಯುವುದು ಸಾಮಾನ್ಯ. ಕೆಂಚನದು 120. ಇನ್ನೊಂದು ರಾತ್ರಿ ತಡೆಯುತ್ತಿರಲಿಲ್ಲ.

ಸಲೈನ್ ಹಚ್ಚಿ, ಹೃದಯಕ್ಕೆ ಆಸರೆಯ ಔಷಧ ಕೊಟ್ಟು, ಮಂಪರು ಬರಿಸಿ ನಳಿಕೆ ಹಾಕಿದೆ. ಮೊದಲ ಸಲ ಹೋಗಲಿಲ್ಲ. ಎರಡನೆಯ ಸಲ ನಳಿಕೆಯ ತುದಿಗೆ ಏನೋ ಗರಗರ ತಾಗಿ ಸರಿಯಿತು. ಕೆಂಪು ಮೂತ್ರ, ಅದರಲ್ಲಿ ರವೆಯಂಥ ಕಣಗಳು. ಮೊಮ್ಮಗ ಬಾಗಿಲಲ್ಲೇ ನಿಂತಿದ್ದ. ಬಟ್ಟಲು ತುಂಬುವುದನ್ನು ನೋಡಿ, ‘ಡಾಕ್ಟರ್ ಮಾಮಾ, ಇಷ್ಟೆಲ್ಲ ಅವನೊಳಗೇ ಇತ್ತೇ?’ ಎಂದ. ತೂಕ ನೋಡಿದರೆ 5.1 ಕೆ.ಜಿ. ಮಾರ್ಚಿಯ ಶಸ್ತ್ರಚಿಕಿತ್ಸೆಯಿಂದಲೇ ಹೀಗಾಯಿತೇ ಎಂದು ಮಗ ಕೇಳಿದರು. ಶಸ್ತ್ರಚಿಕಿತ್ಸೆ ಮೂತ್ರನಾಳವನ್ನು ಕಟ್ಟುವುದಿಲ್ಲ. ಅದರ ನಂತರ ಊಟವನ್ನು ಸುಮಾರು ಕಾಲು ಭಾಗ ಇಳಿಸಬೇಕು, ಅದನ್ನು ನಾನು ಹೇಳಿರಲಿಲ್ಲ.

ಮೂರು ದಿನ ನಮ್ಮಲ್ಲೇ ಇಟ್ಟುಕೊಂಡೆ. ನಾಲ್ಕನೆಯ ದಿನ ಬೆಕ್ಕನ್ನು ನಾನೇ ಮನೆಗೆ ಬಿಡಲು ಹೋದೆ. ಈ ಭೇಟಿಯನ್ನು ಫೆಬ್ರುವರಿಯಲ್ಲೇ ಮಾಡಬೇಕಿತ್ತು.

ಕೋಣೆಯಲ್ಲಿ ಕಂಡದ್ದು

ಚೀಲದಿಂದ ಇಳಿದ ಕೆಂಚ ನೇರವಾಗಿ ಕಿಟಕಿಗೆ ಹೋದ. ಹೊರಗೆ, ಮೂರಡಿ ದೂರದ ಕಾಂಪೌಂಡ್ ಗೋಡೆಯ ಮೇಲೆ ದಪ್ಪ ತಲೆಯ ಕರಿಬಿಳಿ ಗಂಡು ಬೆಕ್ಕೊಂದು ಕಾಲು ಮಡಚಿ ಕುಳಿತಿತ್ತು. ರೆಪ್ಪೆ ಮಿಟುಕಿಸದೆ ಒಳಗೇ ನೋಡುತ್ತಿತ್ತು. ಕೆಂಚನ ಕಿವಿ ಚಪ್ಪಟೆಯಾಯಿತು, ಬೆನ್ನಿನ ಚರ್ಮ ಅಲೆಯಂತೆ ನಡುಗಿತು, ಬಾಲ ನೆಲಕ್ಕೆ ಬಡಿಯತೊಡಗಿತು. ಫೆಬ್ರುವರಿಯಲ್ಲಿ ಕಚ್ಚಿದವನು ಇವನೇ ಎಂದು ಆಯಿ ಹೇಳಿದರು. ದಿನವೂ ಬಂದು ಕೂರುತ್ತಾನಂತೆ. ಮಾಡಿನ ಮೇಲೆ ಸಿಕ್ಕಿದ್ದರೆ ಕೆಂಚ ಓಡಿ ತಪ್ಪಿಸಿಕೊಳ್ಳುತ್ತಿದ್ದ. ಇಲ್ಲಿ ಓಡಲು ಜಾಗವಿಲ್ಲ. ಒಳಗೆ ಬಸುರಿಯನ್ನು ನೋಡಲು ಬರುವ ನೆಂಟರು, ಫಿನೈಲಿನ ವಾಸನೆ. ಬೆಕ್ಕಿನ ಮೂತ್ರಕೋಶ ಚಿಂತೆಗೆ ಊದಿಕೊಳ್ಳುವ ಅಂಗ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಆಮೇಲೆ ಊಟದ ಮಾತು ಬಂತು. ಕೆಂಚನಿಗೆ ಈ ಮನೆಗೆ ಬಂದಾಗಿನಿಂದ ಸಿಕ್ಕಿದ್ದು ಹಾಲನ್ನ, ಮೊಸರನ್ನ, ಭಕ್ಕರಿಯ ಚೂರು. ಬೆಕ್ಕು ಮಾಂಸಾಹಾರಿ, ಅದರಲ್ಲಿ ರಿಯಾಯಿತಿಯಿಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕಣ್ಣಿನ ಅಕ್ಷಿಪಟ ಸವೆಯುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ಸಂಗತಿಯನ್ನು ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಹಾಲನ್ನದ ಮೇಲೆ ಕೆಂಚ ಎರಡು ವರ್ಷ ಗಟ್ಟಿಮುಟ್ಟಾಗಿ ಬದುಕಿದ್ದು ಹೇಗೆ? ಅಟ್ಟದ ಇಲಿಯಿಂದ, ಗೋದಾಮಿನ ಇಲಿಯಿಂದ, ಪಿಕಳಾರದ ಮರಿಯಿಂದ. ಹೊರಗು ಅವನಿಗೆ ಅಡುಗೆಮನೆಯಾಗಿತ್ತು. ನಾನು ಬಾಗಿಲು ಮುಚ್ಚಿಸಿದಾಗ ಆ ಅಡುಗೆಮನೆಯನ್ನೂ ಮುಚ್ಚಿಸಿದ್ದೆ.

ಮಗನಿಗೆ ಇದು ಅರ್ಧ ಹೊಳೆದಿತ್ತು. ಜೂನ್‌ನಲ್ಲೇ ಅಂಗಡಿಯ ಒಣ ಕಾಳಿನಂಥ ಆಹಾರ ತಂದು ಬಟ್ಟಲು ತುಂಬಿಸಿಟ್ಟಿದ್ದರು. ಟಾರಿನ್ ಸಿಕ್ಕಿತು, ನೀರು ಹೋಯಿತು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲು ನೀರಾದರೆ ಒಣ ಆಹಾರದಲ್ಲಿ ನೂರಕ್ಕೆ ಹತ್ತರಷ್ಟು. ಬೆಕ್ಕು ಮರುಭೂಮಿಯ ಕಡೆಯ ಕಾಡುಬೆಕ್ಕಿನ ವಂಶ, ಬೇಟೆಯಿಂದಲೇ ನೀರು ಪಡೆಯುವುದು ಅದರ ಅಭ್ಯಾಸ. ಬಟ್ಟಲಿನ ನೀರು ಕುಡಿದು ಆ ಕೊರತೆ ತುಂಬಿಕೊಳ್ಳುವ ಬುದ್ಧಿ ಅದಕ್ಕೆ ಕಡಿಮೆ. ಮೂತ್ರ ಗಟ್ಟಿಯಾಯಿತು. ಒಂದೇ ಬುಟ್ಟಿ, ಅದೂ ಮಳೆಗೆ ತೇವವಾದ ಮರಳು, ಕಿಟಕಿಯ ಕೆಳಗೆ. ಅಲ್ಲಿಗೆ ಹೋಗಲು ಕೆಂಚ ಆ ಗಡವ ಬೆಕ್ಕಿನ ಕಣ್ಣೆದುರೇ ಹಾಯಬೇಕು. ತಡೆದುಕೊಂಡ. ಉಳಿದದ್ದು ಆಗಲೇ ಹೇಳಿಯಾಗಿದೆ.

ಮಾಡಿದ್ದು

ಮೊದಲ ಕೆಲಸ, ಕಿಟಕಿಯ ಕೆಳಗಿನ ಅರ್ಧಕ್ಕೆ ಹಾಳೆ ಅಂಟಿಸಿದ್ದು. ಎರಡು ರೂಪಾಯಿಯ ಕಾಗದ. ಅಂದು ಸಂಜೆಗೇ ಬಾಲ ಬಡಿಯುವುದು ನಿಂತಿತು ಎಂದು ಮೊಮ್ಮಗ ವರದಿ ಕೊಟ್ಟ.

ಎರಡನೆಯ ಬುಟ್ಟಿ ಬಚ್ಚಲಿನ ಪಕ್ಕದ ಹಜಾರಕ್ಕೆ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಬುಟ್ಟಿ ಎಂಬುದು ಲೆಕ್ಕ. ಮರಳನ್ನು ಜರಡಿ ಹಿಡಿದು ಒಣಗಿಸಿ ಹಾಕುವ, ದಿನವೂ ಮಲ ತೆಗೆಯುವ ಕೆಲಸ ಮಗನಿಗೆ ಬಿತ್ತು.

ಊಟದ ವಿಷಯದಲ್ಲಿ ಆಯಿಯ ಜೊತೆ ಸಂಧಾನ ಬೇಕಾಯಿತು. ನೀರಿನಂಶ ಹೆಚ್ಚಿರುವ ಮಾಂಸದ ಸಿದ್ಧ ಆಹಾರದ ಪೊಟ್ಟಣ ಅಡುಗೆಮನೆಯ ಹೊಸ್ತಿಲು ದಾಟಬಾರದು, ಪಾತ್ರೆ ಬೇರೆ, ತೊಳೆಯುವುದು ಹಿತ್ತಲಿನ ಕಲ್ಲಿನ ಮೇಲೆ. ಒಣ ಆಹಾರ ಕೊಟ್ಟರೂ ಬಿಸಿನೀರಿನಲ್ಲಿ ನೆನೆಸಿ, ಅಳತೆ ಮಾಡಿ, ದಿನಕ್ಕೆ ಮೂರು ಹೊತ್ತು. ಆಯಿ ಷರತ್ತುಗಳನ್ನೆಲ್ಲ ತಾವೇ ಹಾಕಿ ತಾವೇ ಒಪ್ಪಿದರು. ಬೆಕ್ಕಿನ ಬಿಡಾರ ಬೇರೆ ಎಂಬ ಗಾದೆ ಈ ಮನೆಯಲ್ಲಿ ಅಕ್ಷರಶಃ ನಿಜವಾಯಿತು.

ಸಂಜೆ ಊಟಕ್ಕೆ ಮುಂಚೆ ಹತ್ತು ನಿಮಿಷ ಮೊಮ್ಮಗ ಕೋಲಿಗೆ ಬಟ್ಟೆಯ ಚಿಂದಿ ಕಟ್ಟಿ ಎಳೆದಾಡುತ್ತಾನೆ. ಕೆಂಚ ಹೊಂಚು ಹಾಕಿ ಹಾರುತ್ತಾನೆ. ಆಟ ಮುಗಿದ ಮೇಲೆ ದಾರ ಎತ್ತಿಡಬೇಕು, ನುಂಗಿದರೆ ಕರುಳು ಸುಕ್ಕುಗಟ್ಟಿಸುತ್ತದೆ. ಇದನ್ನು ಬರಿಯ ಮನರಂಜನೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ಹಿಡಿದು ತಂದ ಬೇಟೆ ಶೇ 36ರಷ್ಟು ಇಳಿದಿತ್ತು. ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದ ಬೆಕ್ಕುಗಳದು ಶೇ 25ರಷ್ಟು. ಗಂಟೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಹಾಲನ್ನದ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿ ಪಿಕಳಾರ ಉಳಿಸಲು ಹೊರಟ ನಾವು ಎಂಥ ಜಾಣರು!

ಕೊನೆಗೆ ಹಿತ್ತಲು. ಕೆಂಚ ಎರಡು ವರ್ಷ ಬಿಸಿಲು, ಮರ, ಮಣ್ಣು ಕಂಡವನು. ಅವನನ್ನು ಕೋಣೆಯೊಳಗೇ ಇಟ್ಟು ಮುಗಿಸುವುದು ನನಗೆ ಸರಿ ಕಾಣಲಿಲ್ಲ. ಮರಿಯಿಂದಲೇ ಒಳಗೆ ಬೆಳೆದ ಬೆಕ್ಕಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಮಳೆ ನಿಂತ ಮೇಲೆ ವೆಲ್ಡಿಂಗ್ ಅಂಗಡಿಯವರಿಂದ ಗೋಡೆಯ ಉದ್ದಕ್ಕೂ ಕಬ್ಬಿಣದ ಕೋನಪಟ್ಟಿ ನಿಲ್ಲಿಸಿ, ಒಳಮುಖವಾಗಿ ಬಾಗಿದ ಎರಡಡಿ ಜಾಳಿಗೆ ಹಾಕಿಸಿದರು. ಗೋಡೆ ಹತ್ತಿದ ಬೆಕ್ಕಿಗೆ ತಲೆಯ ಮೇಲೆ ಚಾವಣಿ ಸಿಕ್ಕಿದಂತಾಗಿ ಮುಂದೆ ಹೋಗಲಾಗುವುದಿಲ್ಲ. ಗೋಡೆಗೆ ತಾಗಿದ ಪೇರಲ ಮರದ ಕೊಂಬೆ ಕಡಿಸಿದರು, ಬಾವಿಗೆ ಜಾಳಿಗೆಯ ಮುಚ್ಚಳ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೆಂಚ ಅಲ್ಲಿ. ನಸುಕು, ಮುಸ್ಸಂಜೆ, ರಾತ್ರಿ ಒಳಗೆ. ಇಲಿ ಓಡಾಡುವ, ಜಗಳ ಏಳುವ, ಬೈಕು ಸವಾರರಿಗೆ ಬೆಕ್ಕು ಕಾಣದ ಹೊತ್ತು ಅದು.

ಆಮೇಲೆ

ಆಗಸ್ಟ್‌ನಲ್ಲಿ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಆರೋಗ್ಯ. ತೊಟ್ಟಿಲ ಕೋಣೆಗೆ ಬೆಕ್ಕಿಗೆ ಪ್ರವೇಶವಿಲ್ಲ. ಮೂತ್ರ ಮತ್ತೆ ಕಟ್ಟಿಲ್ಲ. ಆಯಿಯ ಒಂದು ತಕರಾರು ಮಾತ್ರ ಉಳಿದಿದೆ: ಅಟ್ಟದಲ್ಲಿ ಇಲಿ ಹೆಚ್ಚಾಗಿವೆ. ಜೋಳವನ್ನು ಚೀಲದಿಂದ ತಗಡಿನ ಡಬ್ಬಿಗಳಿಗೆ ಸುರಿದರು, ಮಗ ಇಲಿಬೋನು ತಂದರು. ಪಾಷಾಣ ಇಡುವುದಿಲ್ಲ ಎಂದು ಗೋದಾಮಿನವರು ಒಪ್ಪಲಿಲ್ಲ, ಒಪ್ಪುವ ಕಾರಣವೂ ಅವರಿಗಿಲ್ಲ.

ಈ ಫೆಬ್ರುವರಿಯಲ್ಲಿ ವರ್ಷದ ರೇಬೀಸ್ ಲಸಿಕೆಗೆ ಆಯಿ ತಾವೇ ಕರೆತಂದರು. ತೂಕ 4.5 ಕೆ.ಜಿ., ಮೈ ನುಣುಪು, ಮೂತ್ರಕೋಶ ಮೆತ್ತಗೆ. ಬಲಕಿವಿಯ ತುದಿಯಲ್ಲಿ ಹೊಸದೊಂದು ಹರಕು ಇತ್ತು, ಎರಡು ಮೂರು ದಿನದ್ದು.

‘ಹೊರಗೆ ಹೋಗಿದ್ದನೇ, ಆಯಿ?’

‘ಇಲ್ಲ ತಮ್ಮಾ, ಎಲ್ಲಿಂದ ಹೋಗಬೇಕು?’ ಎಂದು ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತರು. ನಾನು ಹರಕಿನ ಅಳತೆ ಬರೆದುಕೊಂಡು ಮುಲಾಮು ಕೊಟ್ಟೆ.